ಮೊದಲು ಸೀಟು ನೋಡಿ, ಆಮೇಲೆ ನಟ್ಟು ಹುಡುಕಿ: ಗಾಡಿಯ ಬ್ರೇಕ್, ಡೀಸೆಲ್, ಆಯಿಲ್ ಪೈಪುಗಳಿಗೆ ಸರಿಯಾದ ಫಿಟ್ಟಿಂಗ್ ಗುರುತಿಸುವ ಬಗೆ

ಕುಮಟಾದ ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಮೀನಿನ ಗಾಡಿ ಬಂದಿತ್ತು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು ತುಕ್ಕು ತಿಂದು ತೂತಾಗಿತ್ತು. ಹೊಸ ಪೈಪು ಕತ್ತರಿಸಿ, ಡಬ್ಬಿಯಲ್ಲಿದ್ದ ಹಳೆ ನಟ್ಟೊಂದನ್ನು ತೊಡಿಸಿ ಹಾಕಿದೆ. ಕೈಯಲ್ಲೇ ಸರಾಗವಾಗಿ ತಿರುಗಿತು, ಪಾನಾ ಕೊಟ್ಟಾಗ ಬಿಗಿಯೂ ಆಯಿತು. ಎರಡು ದಿನ ಊರೊಳಗೆ ಓಡಿದ ಗಾಡಿ ಮೂರನೆಯ ದಿನ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ಕೈಕೊಟ್ಟಿತು. ಪೆಡಲ್ ಹೆಚ್ಚುಕಡಿಮೆ ನೆಲ ಮುಟ್ಟಿತಂತೆ. ಮುಂದಿನ ಚಕ್ರಗಳಲ್ಲಿ ಉಳಿದಿದ್ದ ಅಷ್ಟಿಷ್ಟು ಬ್ರೇಕು, ಕೆಳಗಿನ ಗೇರು, ಹ್ಯಾಂಡ್ ಬ್ರೇಕು ಎಲ್ಲ ಸೇರಿಸಿ ಚಾಲಕ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ.

ಬಿಚ್ಚಿ ನೋಡಿದರೆ ನಟ್ಟಿನ ಥ್ರೆಡ್ಡು ಅಡಿಕೆ ಸಿಪ್ಪೆಯಂತೆ ಸುಲಿದು ಬಂದಿತ್ತು. ನಾನು ಹಾಕಿದ್ದು ಇಂಚಿನ ಅಳತೆಯ 3/8 ನಟ್ಟು, ರಂಧ್ರ ಇದ್ದದ್ದು 10 ಮಿಲಿಮೀಟರಿನದು. ನನಗೆ ಕೆಲಸ ಕಲಿಸಿದವರು ಬೈಯಲಿಲ್ಲ. ಆ ನಟ್ಟನ್ನು ನನ್ನ ಅಂಗೈಯಲ್ಲಿಟ್ಟು, "ತಮ್ಮಾ, ಥ್ರೆಡ್ಡು ಹಿಡ್ಕಳ್ಳೂದು ಮಾತ್ರ. ಆಯಿಲ್ ತಡಿಯೂದು ಸೀಟು. ಮೊದ್ಲು ಸೀಟು ನೋಡೂದು ಕಲಿ" ಎಂದರು. ಸೀಟು ಎಂದರೆ ಪೈಪಿನ ತುದಿ ರಂಧ್ರದ ತಳಕ್ಕೆ ಒತ್ತಿ ಕೂರುವ ಜಾಗ. ಇಂದಿಗೂ ನಾನು ಪೈಪು ಕೈಗೆತ್ತಿಕೊಂಡಾಗ ಹಿಡಿಯುವ ಕ್ರಮ ಅದೇ: ಸೀಟು, ಪೈಪಿನ ದಪ್ಪ, ಥ್ರೆಡ್ಡಿನ ದಪ್ಪ, ಥ್ರೆಡ್ಡಿನ ಅಂತರ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸ ಬೇರೆ ಕಡೆಗಿಂತ ಹೆಚ್ಚು ಬರುತ್ತದೆ. ಬೈತಖೋಲ, ಬೇಲೆಕೇರಿ, ತದಡಿ, ಭಟ್ಕಳ ಬಂದರುಗಳಿಂದ ಹೊರಡುವ ಗಾಡಿಗಳ ಅಡಿಗೆ ಮಂಜುಗಡ್ಡೆ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಸುರಿಯುತ್ತದೆ. ಅದರ ಮೇಲೆ ಕಡಲಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಪೈಪು ಕೊಳೆಯುವುದು ಕಣ್ಣಿಗೆ ಕಾಣುವ ಕಡೆ ಅಲ್ಲ. ಚಾಸಿಗೆ ಹಿಡಿದಿರುವ ಕ್ಲಿಪ್ಪಿನ ಒಳಗೆ ಕೆಸರು ಮತ್ತು ಉಪ್ಪು ಕೂತು ಅಲ್ಲಿಂದ ತಿನ್ನಲು ಶುರುಮಾಡುತ್ತದೆ. ಪೈಪು ನೋಡುವುದಾದರೆ ಕ್ಲಿಪ್ಪು ಬಿಚ್ಚಿಯೇ ನೋಡಿ.

ಹಂತ 1: ಬಿಚ್ಚುವ ಮೊದಲು

ಯಾವ ಪೈಪಿನಲ್ಲಿ ಏನು ಹರಿಯುತ್ತದೆ, ಎಷ್ಟು ಒತ್ತಡದಲ್ಲಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಜೋರಾಗಿ ಬ್ರೇಕ್ ಒತ್ತಿದಾಗ ಆ ಸಣ್ಣ ಪೈಪಿನಲ್ಲಿ 70ರಿಂದ 100 ಬಾರ್, ಕೆಲವೊಮ್ಮೆ ಇನ್ನೂ ಹೆಚ್ಚು ಒತ್ತಡ ಏಳುತ್ತದೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್. ಪೆಟ್ರೋಲ್ ಇಂಜೆಕ್ಷನ್ ಗಾಡಿಯ ಇಂಧನ ಪೈಪಿನಲ್ಲಿ ಸಾಮಾನ್ಯವಾಗಿ 3-4 ಬಾರ್. ಕಾಮನ್ ರೈಲ್ ಡೀಸೆಲ್ಲಿನ ಗಟ್ಟಿ ಪೈಪಿನಲ್ಲಿ 1000 ಬಾರ್ ದಾಟುತ್ತದೆ. ಈ ಕೊನೆಯದನ್ನು ಫ್ಲೇರ್ ಮಾಡುವುದು (ಸೀಟಿಗೆ ಕೂರುವಂತೆ ಪೈಪಿನ ತುದಿಗೆ ಆಕಾರ ಕೊಡುವುದು), ಬಗ್ಗಿಸುವುದು ಯಾವುದೂ ಗ್ಯಾರೇಜಿನ ಕೆಲಸವಲ್ಲ. ಅದೇ ಗಾಡಿಯ ಹೊಸ ಪೈಪು ತಂದು ಹಾಕಬೇಕು, ಅಷ್ಟೇ. ಇಂಜಿನ್ ಓಡುತ್ತಿರುವಾಗ ಅದರ ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ನಟ್ಟಿನ ಸುತ್ತ ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಾಧ್ಯವಾದರೆ ಒಂದು ರಾತ್ರಿ ಬಿಡಿ. ಬಿಚ್ಚಲು ಮಾಮೂಲಿ ಪಾನಾ ಬೇಡ. ಬ್ರೇಕ್ ಪೈಪಿಗೆಂದೇ ಬರುವ ಪಾನಾ ಇದೆ. ರಿಂಗಿನಂತೆ ನಟ್ಟನ್ನು ಸುತ್ತಲೂ ಹಿಡಿಯುತ್ತದೆ, ಪೈಪು ನುಸುಳಲು ಮಾತ್ರ ಒಂದು ಕಡೆ ಸೀಳಿರುತ್ತದೆ. 10 ಮತ್ತು 11 ಮಿಲಿಮೀಟರಿನವು ಎರಡಿದ್ದರೆ ಹೆಚ್ಚಿನ ಕಾರುಗಳ ಕೆಲಸ ಆಗುತ್ತದೆ. ಮಾಮೂಲಿ ಪಾನಾ ಎರಡೇ ಮುಖ ಹಿಡಿದು ನಟ್ಟನ್ನು ದುಂಡಗೆ ಮಾಡಿಬಿಡುತ್ತದೆ.

ಹಳೆ ಪೈಪನ್ನು ಎಸೆಯಬೇಡಿ. ಎರಡೂ ತುದಿಗಳನ್ನು ನಟ್ಟಿನ ಸಮೇತ ಗೇಣುದ್ದ ಕತ್ತರಿಸಿ, ಯಾವ ತುದಿ ಎಲ್ಲಿಯದು ಎಂದು ಚೀಟಿ ಕಟ್ಟಿಡಿ. ಅಂಗಡಿಗೆ ಹೋಗುವಾಗ ಗಾಡಿಯ ಹೆಸರು ಹೇಳುವುದಕ್ಕಿಂತ ಈ ತುಂಡನ್ನು ತೋರಿಸುವುದು ಹೆಚ್ಚು ಭರವಸೆಯದು. ತೆರೆದ ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದಕ್ಕೆ ಇಟ್ಟಿರುವ ಮಿತಿ 155 ಡಿಗ್ರಿ. ಘಟ್ಟ ಇಳಿಯುವ ಗಾಡಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹಂತ 2: ಸೀಟು

ಬ್ರೇಕ್ ಪೈಪಿನಲ್ಲಿ ನಮ್ಮ ಕೈಗೆ ಸಿಗುವವು ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಡಬಲ್ ಫ್ಲೇರ್. ಪೈಪಿನ ಬಾಯಿ ಕಹಳೆಯಂತೆ 45 ಡಿಗ್ರಿಯಲ್ಲಿ ಹೊರಗೆ ಅರಳಿರುತ್ತದೆ, ಅಂಚು ಒಳಕ್ಕೆ ಮಡಚಿ ತಗಡು ಎರಡು ಪದರ ಆಗಿರುತ್ತದೆ. ಇದು ಹೋಗಿ ಕೂರುವ ರಂಧ್ರಕ್ಕೆ ಟಾರ್ಚ್ ಬಿಟ್ಟು ನೋಡಿದರೆ ತಳದ ನಡುವೆ ಪುಟ್ಟ ಶಂಕುವೊಂದು ಮೇಲೆದ್ದಿರುತ್ತದೆ. ಅರಳಿದ ಬಾಯಿ ಆ ಶಂಕುವನ್ನು ಟೊಪ್ಪಿಯಂತೆ ಮುಚ್ಚಿ ಕೂರುತ್ತದೆ. ಮಾರುತಿ ಓಮ್ನಿ, ಜಿಪ್ಸಿಯಂಥ ಜಪಾನಿ ಮೂಲದ ಗಾಡಿಗಳಲ್ಲಿ ಮತ್ತು ಅಮೆರಿಕನ್ ಮೂಲದ ಹಳೆ ಜೀಪುಗಳಲ್ಲಿ ಇದೇ ಇರುವುದು. ಫ್ಲೇರ್ ಎರಡರಲ್ಲೂ ಒಂದೇ, ಥ್ರೆಡ್ಡು ಬೇರೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯದು ಬಬಲ್ ಫ್ಲೇರ್. ಐಎಸ್‌ಒ ಫ್ಲೇರ್, ಡಿಐಎನ್ ಫ್ಲೇರ್ ಎಂದೂ ಕರೆಯುತ್ತಾರೆ. ಪೈಪಿನ ತುದಿ ಅಣಬೆಯ ಮೊಗ್ಗಿನಂತೆ ಉಬ್ಬಿ ಮುಂದಕ್ಕೆ ಮತ್ತೆ ಕಿರಿದಾಗುತ್ತದೆ. ಉಬ್ಬಿನ ಹಿಂಬದಿ ಚಪ್ಪಟೆ. ಇದರ ರಂಧ್ರದ ತಳದಲ್ಲಿ ಎದ್ದ ಶಂಕು ಇರುವುದಿಲ್ಲ, ಆಲಿಕೆಯಂತೆ ತಗ್ಗಿರುತ್ತದೆ. ಯುರೋಪಿನ ಗಾಡಿಗಳಲ್ಲಿ ಇದು ಸಾಮಾನ್ಯ.

ನಟ್ಟೂ ಗುರುತು ಹೇಳುತ್ತದೆ. ಬಬಲ್ ಫ್ಲೇರಿನ ನಟ್ಟಿನ ಮೂತಿ ಚಪ್ಪಟೆಯಾಗಿದ್ದು, ಹೆಚ್ಚಾಗಿ ತುದಿಯ ಸ್ವಲ್ಪ ಭಾಗದಲ್ಲಿ ಥ್ರೆಡ್ಡಿಲ್ಲದೆ ನುಣುಪಾಗಿರುತ್ತದೆ. ಡಬಲ್ ಫ್ಲೇರಿನ ನಟ್ಟಿಗೆ ಥ್ರೆಡ್ಡು ಮೂತಿಯವರೆಗೂ ಬಂದಿರುತ್ತದೆ, ಮೂತಿ ಇಳಿಜಾರಾಗಿರುತ್ತದೆ.

ಎರಡೂ ಬಗೆಗೆ ಎಂ10 × 1.0 ನಟ್ಟು (10 ಮಿಲಿಮೀಟರ್ ದಪ್ಪ, ಥ್ರೆಡ್ಡಿನಿಂದ ಥ್ರೆಡ್ಡಿಗೆ 1 ಮಿಲಿಮೀಟರ್ ಅಂತರ) ಬರುವುದರಿಂದ ಒಂದರ ಪೈಪು ಇನ್ನೊಂದರ ರಂಧ್ರಕ್ಕೆ ಹಾಯಾಗಿ ಹೋಗುತ್ತದೆ, ಬಿಗಿಯೂ ಆಗುತ್ತದೆ. ಆದರೆ ಶಂಕುವಿನ ಮೇಲೆ ಉಬ್ಬು ಕೂತರೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ಮೊದಲ ದಿನ ಒಸರದಿರಬಹುದು. ಇನ್ನಷ್ಟು ಬಿಗಿ ಮಾಡಿ ಅದನ್ನು ಒಣಗಿಸಲು ಹೋದವರು ಕೊನೆಗೆ ಚಕ್ರದ ಬಳಿ ಬ್ರೇಕ್ ಒತ್ತುವ ವ್ಹೀಲ್ ಸಿಲಿಂಡರಿನ ಸೀಟನ್ನೇ ಹಾಳುಮಾಡಿಕೊಂಡದ್ದನ್ನು ನೋಡಿದ್ದೇನೆ. ಸೀಟು ಹೊಂದದಿದ್ದರೆ ಅಲ್ಲಿಗೇ ನಿಲ್ಲಿ, ಮುಂದಿನ ಅಳತೆ ತೆಗೆಯುವುದೇ ಬೇಡ.

ಹಂತ 3: ಅಳತೆ

ದಪ್ಪ ಅಳೆಯಲು ಒಂದು ವರ್ನಿಯರ್ ಮತ್ತು ಥ್ರೆಡ್ಡಿನ ಅಂತರ ನೋಡಲು ಹಲ್ಲಿನ ಎಲೆಗಳಿರುವ ಒಂದು ಥ್ರೆಡ್ ಗೇಜ್ ಬೇಕು. ಗೇಜಿನಲ್ಲಿ ಮಿಲಿಮೀಟರ್, ಇಂಚು ಎರಡೂ ಎಲೆಗಳಿರಲಿ. 

ಪೈಪಿನ ಹೊರದಪ್ಪ ಅಳೆಯುವ ಮೊದಲು ಬಣ್ಣ, ತುಕ್ಕು ಕೆರೆದು ತೆಗೆಯಿರಿ. ಕಾರುಗಳ ಬ್ರೇಕ್ ಪೈಪು ಹೆಚ್ಚಾಗಿ 4.75 ಮಿಲಿಮೀಟರ್, ಅಂದರೆ 3/16 ಇಂಚು. ಅದಕ್ಕಿಂತ ದೊಡ್ಡದರಲ್ಲಿ ತಪ್ಪಾಗುವುದು 6 ಮಿಲಿಮೀಟರ್ ಮತ್ತು 1/4 ಇಂಚಿನ ನಡುವೆ. ಕಾಲು ಇಂಚು ಎಂದರೆ 6.35. ಬರಿಗಣ್ಣಿಗೆ ಎರಡೂ ಒಂದೇ. 8 ಮಿಲಿಮೀಟರ್ ಮತ್ತು 5/16 ಇಂಚು ಮಾತ್ರ ನಿಜವಾಗಿಯೂ ಹತ್ತಿರ, 5/16 ಎಂದರೆ 7.94.

ಇನ್ನು ನಟ್ಟಿನ ಥ್ರೆಡ್ಡಿನ ಹೊರದಪ್ಪ. ಹೊರಗಡೆ ಥ್ರೆಡ್ಡಿರುವ ನಟ್ಟು ತನ್ನ ಹೆಸರಿನ ಅಳತೆಗಿಂತ ಕೂದಲೆಳೆ ಸಣ್ಣದೇ ಇರುತ್ತದೆ. ಎಂ10 ನಟ್ಟು ವರ್ನಿಯರಿನಲ್ಲಿ 9.8ರಿಂದ 9.95ರ ಆಸುಪಾಸು ತೋರಿಸುತ್ತದೆ. 3/8 ಇಂಚಿನದು 9.5ನ್ನು ದಾಟುವುದಿಲ್ಲ. ನಾನು ಅಂದು ಮಾಡಿದ ತಪ್ಪು ಈ ಅರ್ಧ ಮಿಲಿಮೀಟರಿನಲ್ಲಿದೆ. 3/8ರ ನಟ್ಟಿಗೆ ಇಂಚಿಗೆ 24 ಥ್ರೆಡ್ಡು, ಅಂದರೆ ಒಂದರಿಂದ ಒಂದಕ್ಕೆ 1.06 ಮಿಲಿಮೀಟರ್. ಎಂ10ರ ಸಣ್ಣ ಥ್ರೆಡ್ಡಿನ ಅಂತರ 1.0. ಏಳೆಂಟು ಸುತ್ತಿನ ಚಿಕ್ಕ ನಟ್ಟಿನಲ್ಲಿ ಈ ಅಂತರದ ವ್ಯತ್ಯಾಸ ಅರ್ಧ ಮಿಲಿಮೀಟರೂ ಆಗದು, ಗೇಜಿನ ಎಲೆಯೂ ಮೋಸಮಾಡುತ್ತದೆ. ಹಾಗಾಗಿ ಈ ಜೋಡಿಯಲ್ಲಿ ನಿರ್ಧಾರ ಹೇಳುವುದು ದಪ್ಪ. 3/8ರ ನಟ್ಟು ಎಂ10 ರಂಧ್ರದಲ್ಲಿ ಸಡಿಲವಾಗಿ ತಿರುಗುತ್ತದೆ, ಥ್ರೆಡ್ಡಿನ ಆಳದಲ್ಲಿ ಸುಮಾರು ಅರ್ಧದಷ್ಟನ್ನೇ ಹಿಡಿಯುತ್ತದೆ. ಬಿಗಿಯಾದಂತೆ ತೋರುತ್ತದೆ, ಒತ್ತಡ ಬಿದ್ದಾಗ ಸುಲಿಯುತ್ತದೆ. ತಿರುಗಾ ಮುರುಗಾ ಮಾಡಿದರೆ ಅಪಾಯವಿಲ್ಲ, ಎಂ10 ನಟ್ಟು 3/8ರ ರಂಧ್ರಕ್ಕೆ ಹೋಗುವುದೇ ಇಲ್ಲ.

ಎಂ10 × 1.0 ಮತ್ತು ಎಂ10 × 1.25ರ ನಡುವೆ ಇದರ ಉಲ್ಟಾ. ದಪ್ಪ ಒಂದೇ, ಅಂತರ ಬೇರೆ. ಇಲ್ಲಿ ಗೇಜ್ ಸ್ಪಷ್ಟವಾಗಿ ಹೇಳುತ್ತದೆ. ಬೈಕಿನ ಡಿಸ್ಕ್ ಬ್ರೇಕಿನ ಬ್ಯಾಂಜೊ ಬೋಲ್ಟಿನಲ್ಲಿ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟು) ಈ ಗೊಂದಲ ಬರುತ್ತದೆ: ಜಪಾನಿ ವಿನ್ಯಾಸದವು ಹೆಚ್ಚಾಗಿ 1.25, ಇಟಲಿಯ ಬ್ರೆಂಬೊ ಕಂಪನಿಯ ಮಾದರಿಯವು 1.0. ಬ್ಯಾಂಜೊಗೆ ಫ್ಲೇರ್ ಇಲ್ಲ, ಆಯಿಲ್ ತಡೆಯುವುದು ಎರಡೂ ಬದಿಯ ತಾಮ್ರದ ವಾಷರ್. ಪ್ರತಿ ಸಲ ಹೊಸ ವಾಷರ್ ಹಾಕಿ, ಒಂದಲ್ಲ ಎರಡು.

ಸ್ವಲ್ಪ ದಪ್ಪ ಪೈಪಿಗೆ ಎಂ12 × 1.0 ಅಥವಾ ಇಂಚಿನ 7/16 ನಟ್ಟು ಬರುತ್ತದೆ. 7/16 ಎಂದರೆ 11.1 ಮಿಲಿಮೀಟರ್, ವ್ಯತ್ಯಾಸ ಸುಲಭವಾಗಿ ಕಾಣುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಒಂದೇ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ರಂಧ್ರಕ್ಕೆ ಎರಡು ಅಳತೆ ಕಂಡರೆ ಗಾಬರಿ ಬೇಡ. ಪೈಪು ಅದಲು ಬದಲಾಗದಿರಲೆಂದು ಕೆಲವು ಗಾಡಿಗಳಲ್ಲಿ ಬೇಕೆಂದೇ ಹಾಗೆ ಮಾಡಿರುತ್ತಾರೆ.

ಹಂತ 4: ಪೈಪ್ ಥ್ರೆಡ್ಡು, ಮತ್ತು ಬಿಳಿ ಟೇಪಿನ ಅಭ್ಯಾಸ

ಶಿರಸಿ, ಸಿದ್ದಾಪುರ ಕಡೆ ತೋಟ ಇರುವ ಪ್ರತಿಯೊಬ್ಬರಿಗೂ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಪಂಪಿನ ಕೀಲು ಗೊತ್ತು. ಸೋರಿದರೆ ಬಿಳಿ ಟೇಪು ಸುತ್ತುತ್ತೇವೆ, ನಿಲ್ಲುತ್ತದೆ. ಅದೇ ಕೈ ಬ್ರೇಕ್ ಪೈಪಿಗೂ ಟೇಪು ಸುತ್ತುತ್ತದೆ. ದಯವಿಟ್ಟು ಬೇಡ. ಪಂಪಿನಲ್ಲಿ ನೀರು ತಡೆಯುವುದು ಮೊನಚಾಗುತ್ತ ಹೋಗುವ ಥ್ರೆಡ್ಡು, ಅಲ್ಲಿ ಟೇಪಿಗೆ ಕೆಲಸವಿದೆ. ಫ್ಲೇರ್ ಕೀಲಿನಲ್ಲಿ ಥ್ರೆಡ್ಡು ಏನನ್ನೂ ತಡೆಯುವುದಿಲ್ಲ, ಟೇಪು ಅಲ್ಲಿ ಮಾಡುವುದು ಎರಡೇ: ನಟ್ಟು ಪೂರ್ತಿ ಕೂರದಂತೆ ಅಡ್ಡ ಬರುವುದು, ಚೂರಾಗಿ ಒಳಗೆ ಹೋಗಿ ಸಣ್ಣ ದಾರಿ ಕಟ್ಟುವುದು.

ಗಾಡಿಯಲ್ಲಿ ಮೊನಚು ಪೈಪ್ ಥ್ರೆಡ್ಡು ಕಾಣುವುದು ಆಯಿಲ್ ಪ್ರೆಶರ್ ಸ್ವಿಚ್, ಟೆಂಪರೇಚರ್ ಸೆನ್ಸರ್‌ನಂಥ ಕಡೆ. ಮೊನಚು ಹೌದೋ ಅಲ್ಲವೋ ತಿಳಿಯಲು ಮೊದಲ ಸುತ್ತನ್ನೂ ಕೊನೆಯ ಸುತ್ತನ್ನೂ ಬೇರೆಬೇರೆಯಾಗಿ ಅಳೆಯಿರಿ. ಇಳಿಜಾರು 16ಕ್ಕೆ 1, ಹಾಗಾಗಿ 8 ಮಿಲಿಮೀಟರ್ ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಕಾಣಬೇಕು.

ಈ ಥ್ರೆಡ್ಡುಗಳ ಹೆಸರು ಮತ್ತು ಅಳತೆಗೆ ಸಂಬಂಧ ಹುಡುಕಬೇಡಿ. ಕಾಲು ಇಂಚಿನ ಬಿಎಸ್‌ಪಿ (ಬ್ರಿಟಿಷ್ ಅಳತೆಯ ಪೈಪ್) ಥ್ರೆಡ್ಡಿನ ಹೊರದಪ್ಪ 13.16 ಮಿಲಿಮೀಟರ್, ಅಂದರೆ ಅರ್ಧ ಇಂಚಿಗಿಂತ ಹೆಚ್ಚು. "ಎರಡು ನೂಲಿನ (ಕಾಲು ಇಂಚಿನ) ಫಿಟ್ಟಿಂಗ್ ಕೊಡಿ" ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಅವರು ಕೊಡುವುದು ಸರಿಯಾಗಿಯೇ ಇರುತ್ತದೆ, ನೀವು ಸ್ಕೇಲಿನಲ್ಲಿ ಅಳೆದದ್ದು ತಪ್ಪಾಗಿರುತ್ತದೆ.

ಬ್ರಿಟಿಷ್ ಮೂಲದ ಬಿಎಸ್‌ಪಿ, ಅಮೆರಿಕನ್ ಮೂಲದ ಎನ್‌ಪಿಟಿ ಎರಡೂ ಚಾಲ್ತಿಯಲ್ಲಿವೆ. ಮೊದಲನೆಯದರ ಥ್ರೆಡ್ಡಿನ ಕೋನ 55 ಡಿಗ್ರಿ, ಎರಡನೆಯದರದು 60. 1/8ರಲ್ಲಿ ಬಿಎಸ್‌ಪಿಗೆ ಇಂಚಿಗೆ 28 ಥ್ರೆಡ್ಡು, ಎನ್‌ಪಿಟಿಗೆ 27. ಕಾಲು ಇಂಚಿನಲ್ಲಿ 19 ಮತ್ತು 18. ಎರಡು ಮೂರು ಸುತ್ತು ಒಂದಕ್ಕೊಂದು ಹೋಗಿ ನಿಲ್ಲುತ್ತವೆ. ಅಲ್ಲಿ ಬಲ ಹಾಕಿದರೆ ಇಂಜಿನ್ ಬ್ಲಾಕಿನ ರಂಧ್ರ ಹೋಗುತ್ತದೆ. ಅರ್ಧ ಇಂಚಿನದು ಇನ್ನೂ ಮೋಸದ್ದು, ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ. ಇನ್ನೊಂದು ಎಚ್ಚರಿಕೆ: 1/8 ಬಿಎಸ್‌ಪಿಯ ಹೊರದಪ್ಪ 9.73, ಅದು ಎಂ10ಕ್ಕೆ ಬಹಳ ಹತ್ತಿರ. ಇಲ್ಲಿ ಗೇಜ್ ಇಲ್ಲದೆ ಊಹಿಸಬೇಡಿ.

ಹಂತ 5: ಟಿಪ್ಪರ್, ಲೋಡರ್, ಎಸಿ

ಚಿರೇಕಲ್ಲು ಕಣಿಗಳಲ್ಲಿ ಓಡುವ ಯಂತ್ರಗಳ ಹೈಡ್ರಾಲಿಕ್ ಕೀಲುಗಳಲ್ಲಿ ಜೆಐಸಿ ಎಂಬ 37 ಡಿಗ್ರಿಯ ಫ್ಲೇರ್ ಕಾಣುತ್ತದೆ. ಎಸಿ ಗ್ಯಾಸಿನ ತಾಮ್ರದ ಪೈಪಿನದು 45 ಡಿಗ್ರಿ. ಕಾಲು ಇಂಚು, 5/16, ಅರ್ಧ ಇಂಚಿನ ಪೈಪುಗಳಲ್ಲಿ ಎರಡರ ಥ್ರೆಡ್ಡೂ ಒಂದೇ: ಕಾಲು ಇಂಚಿಗೆ 7/16-20 (ಥ್ರೆಡ್ಡಿನ ದಪ್ಪ 7/16 ಇಂಚು, ಇಂಚಿಗೆ 20 ಥ್ರೆಡ್ಡು), ಅರ್ಧ ಇಂಚಿಗೆ 3/4-16. ನಟ್ಟು ಸರಾಗ ಹೋಗುತ್ತದೆ, ಕೋನ 8 ಡಿಗ್ರಿ ತಪ್ಪಿರುತ್ತದೆ, ಸೋರುತ್ತದೆ. 3/8ರ ಪೈಪಿನಲ್ಲಿ ಮಾತ್ರ ಬೇರೆ, 45ಕ್ಕೆ 5/8-18, 37ಕ್ಕೆ 9/16-18. ಕೋನ ಅಳೆಯುವ ಗೇಜ್ ಇಲ್ಲದಿದ್ದರೆ ಗಟ್ಟಿ ಕಾಗದವನ್ನು ಆ ಕೋನಕ್ಕೆ ಕತ್ತರಿಸಿ ಮೂತಿಗೆ ಒತ್ತಿ, ಹಿಂದಿನಿಂದ ಬೆಳಕು ಹಿಡಿದು ನೋಡಿ. ಜಪಾನಿ ಯಂತ್ರಗಳಲ್ಲಿ 30 ಡಿಗ್ರಿಯ ಮೂತಿಯೂ ಬರುತ್ತದೆ.

ನಟ್ಟಿನೊಳಗೆ ಪೈಪಿಗೆ ಕಚ್ಚಿಕೊಂಡ ಉಂಗುರ ಇದ್ದರೆ ಅದು ಫ್ಲೇರ್ ಅಲ್ಲ, 24 ಡಿಗ್ರಿಯ ಡಿಐಎನ್ ಫೆರುಲ್ ಫಿಟ್ಟಿಂಗ್. ಅಲ್ಲಿ ಥ್ರೆಡ್ಡಿನಷ್ಟೇ ಪೈಪಿನ ದಪ್ಪವೂ ಮುಖ್ಯ. ಎಂ14 × 1.5 ನಟ್ಟು ಹಗುರ ಸರಣಿಯಲ್ಲಿ 8 ಮಿಲಿಮೀಟರ್ ಪೈಪಿಗೂ, ಭಾರದ ಸರಣಿಯಲ್ಲಿ 6 ಮಿಲಿಮೀಟರ್ ಪೈಪಿಗೂ ಬರುತ್ತದೆ. ಹೈಡ್ರಾಲಿಕ್ಕಿನಲ್ಲಿ ಒಪ್ಪುವ ಈ ಫೆರುಲ್ಲನ್ನು ಬ್ರೇಕಿನಲ್ಲಿ ಬಳಸಬೇಡಿ. ಕೊಳೆತ ಎರಡಿಂಚು ಕತ್ತರಿಸಿ ನಡುವೆ ಹಿತ್ತಾಳೆಯ ಫೆರುಲ್ ಕೀಲು ಹಾಕಿದ ಬ್ರೇಕ್ ಪೈಪುಗಳು ನನ್ನ ಬಳಿ ಆಗಾಗ ಬರುತ್ತವೆ. ನಾನು ಇಡೀ ಪೈಪನ್ನೇ ಬದಲಿಸದೆ ಗಾಡಿ ಬಿಡುವುದಿಲ್ಲ.

ಹಂತ 6: ಯಾವ ಪೈಪು, ಹೇಗೆ ಫ್ಲೇರ್

ಎಸಿ ರಿಪೇರಿಯವರ ಬಳಿ ಸಿಗುವ ತಾಮ್ರದ ಪೈಪು ಮೆತ್ತಗಿರುತ್ತದೆ, ಬಗ್ಗಿಸಲು ಸುಖ, ತುಕ್ಕಿಲ್ಲ. ಆದರೂ ಬ್ರೇಕಿಗೆ ಸಲ್ಲದು. ಅಲುಗಾಟಕ್ಕೆ ತಾಮ್ರ ಗಡುಸಾಗುತ್ತ ಹೋಗಿ ನಟ್ಟಿನ ಹಿಂದೆ ಬಿರುಕು ಬಿಡುತ್ತದೆ. ಉಪ್ಪುನೀರಿನ ಗಾಡಿಗೆ ನನ್ನ ಆಯ್ಕೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಬ್ರೇಕ್ ಪೈಪು, ಅದರಲ್ಲಿ ನಿಕ್ಕಲ್ ಸುಮಾರು 10 ಶೇಕಡಾ. ತರಿಸಿಕೊಳ್ಳಬೇಕಾಗುತ್ತದೆ, ಬೆಲೆಯೂ ಹೆಚ್ಚು. ಅದಾಗದಿದ್ದರೆ ಪ್ಲಾಸ್ಟಿಕ್ ಲೇಪವಿರುವ ಉಕ್ಕಿನ ಬ್ರೇಕ್ ಪೈಪು.

ಪೈಪನ್ನು ಗರಗಸದಲ್ಲಲ್ಲ, ಪೈಪ್ ಕಟರಿನಲ್ಲಿ ನಿಧಾನವಾಗಿ ಕತ್ತರಿಸಿ. ತುದಿ ನೇರವಾಗುವಂತೆ ಅರ ಹಾಕಿ, ಒಳ ಅಂಚಿನ ಚೂರು ಕೆರೆದು ಊದಿ ತೆಗೆಯಿರಿ. ಆಮೇಲೆ ನಟ್ಟನ್ನು ಸರಿಯಾದ ದಿಕ್ಕಿನಲ್ಲಿ ತೊಡಿಸಿ. ಫ್ಲೇರ್ ಮಾಡಿದ ಮೇಲೆ ನಟ್ಟು ಹೋಗುವುದಿಲ್ಲ, ಬಿಡಿಸುವ ದಾರಿ ಕತ್ತರಿಸುವುದೊಂದೇ. ಡಬಲ್ ಫ್ಲೇರಿಗೆ ಪೈಪು ಹಿಡಿಕೆಯಿಂದ ಎಷ್ಟು ಹೊರಗಿರಬೇಕೆಂದು ಡೈಯ (ಪೈಪಿನ ಬಾಯಿಗೆ ಒತ್ತಿ ಆಕಾರ ಕೊಡುವ ಅಚ್ಚಿನ) ಮೆಟ್ಟಿಲೇ ಅಳತೆ ಕೊಡುತ್ತದೆ. ತುದಿಗೆ ಒಂದು ಹನಿ ಬ್ರೇಕ್ ಆಯಿಲ್ ಮುಟ್ಟಿಸಿ, ಮೊದಲು ಡೈ ಒತ್ತಿ, ಆಮೇಲೆ ಡೈ ತೆಗೆದು ಶಂಕು ಒತ್ತಿ. ಮೊದಲ ಒತ್ತು ಮುಗಿದಾಗ ಬರುವ ಉಬ್ಬು ಬಬಲ್ ಫ್ಲೇರಿನಂತೆ ಕಾಣುತ್ತದೆ, ಆದರೆ ಅದರ ಹಿಂಬದಿ ಇಳಿಜಾರು. ಅದನ್ನೇ ಬಬಲ್ ಎಂದು ಹಾಕಬೇಡಿ, ಬಬಲ್ಲಿಗೆ ಅದರದೇ ಹಿಡಿಕೆ ಮತ್ತು ಡೈ ಬೇಕು. ಉಕ್ಕಿನ ಬ್ರೇಕ್ ಪೈಪಿಗೆ ಒಂದೇ ಪದರದ ಫ್ಲೇರ್ ಮಾಡಿದರೆ ಅಂಚು ಸೀಳುತ್ತದೆ. ಮುಗಿದ ಮೇಲೆ ಬಿಸಿಲಿಗೆ ಹಿಡಿದು ನೋಡಿ: ಸುತ್ತಲೂ ಸಮ ಇರಬೇಕು, ಬಿರುಕಾಗಲಿ ಗೀರಾಗಲಿ ಇರಬಾರದು. ಸಂಶಯ ಬಂದರೆ ಕತ್ತರಿಸಿ ಇನ್ನೊಮ್ಮೆ ಮಾಡಿ. ಮೊದಲ ಸಲ ಮಾಡುವವರು ಹಳೆ ಪೈಪಿನ ಮೇಲೆ ಹತ್ತು ಫ್ಲೇರ್ ಮಾಡಿ ಕೈ ಪಳಗಿಸಿಕೊಳ್ಳಿ.

ಹಂತ 7: ಕೂರಿಸುವುದು, ಪರೀಕ್ಷೆ

ಪೈಪನ್ನು ಎಳೆದು ತಂದು ನಟ್ಟು ಹಾಕಬೇಡಿ. ಪೈಪು ತಾನಾಗಿ ರಂಧ್ರದ ನೇರಕ್ಕೆ ಬರುವಂತೆ ಬಗ್ಗಿಸಿಕೊಂಡು, ಬೆರಳಲ್ಲೇ ನಾಲ್ಕೈದು ಸುತ್ತು ಹಾಕಿ. ನಟ್ಟು ಅಲ್ಲಾಡಿದರೆ ಅಥವಾ ಎರಡೇ ಸುತ್ತಿಗೆ ಬಿಗಿಯಾದರೆ ಹಂತ 3ಕ್ಕೆ ಹಿಂತಿರುಗಿ. 4.75ರ ಪೈಪಿನ ಎಂ10 ನಟ್ಟಿಗೆ ಬಿಗಿ ಸಾಮಾನ್ಯವಾಗಿ 15 ನ್ಯೂಟನ್ ಮೀಟರಿನ ಆಸುಪಾಸು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಹೊಸ ಫ್ಲೇರನ್ನು ಒಮ್ಮೆ ಬಿಗಿದು, ಸಡಿಲಿಸಿ, ಮತ್ತೆ ಬಿಗಿದರೆ ಸೀಟಿನ ಮೇಲೆ ಚೆನ್ನಾಗಿ ಕೂರುತ್ತದೆ.

ಪೈಪಿನೊಳಗೆ ಸೇರಿದ ಗಾಳಿ ತೆಗೆದ ಮೇಲೆ ಪ್ರತಿ ಕೀಲನ್ನೂ ಒರೆಸಿ ಒಣಗಿಸಿ. ಇಂಜಿನ್ ಶುರುಮಾಡಿ ಇನ್ನೊಬ್ಬರು ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಲಿ. ಕಾಲು ನಿಧಾನಕ್ಕೆ ಕೆಳಗಿಳಿಯಬಾರದು. ಆಗಲೇ ಕೀಲುಗಳಿಗೆ ಹಳೆ ಪೇಪರಿನ ತುಂಡು ಒತ್ತಿ ತೆಗೆದು ನೋಡಿ, ಕಲೆ ಕಂಡರೆ ಸೋರಿಕೆ. ಬಣ್ಣದ ಮೇಲೆ ಆಯಿಲ್ ಬಿದ್ದಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ, ಅದು ಬಣ್ಣ ಎಬ್ಬಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಹತ್ತಾರು ಸಲ ಬ್ರೇಕ್ ಹಿಡಿದು, ಮತ್ತೆ ಅಡಿಗೆ ಹೋಗಿ ಪೇಪರ್ ಒತ್ತಿ ನೋಡಿ. ದೇವಿಮನೆ, ಅರಬೈಲು, ಅಣಶಿ ಯಾವ ಘಟ್ಟವಾದರೂ ಅದರ ನಂತರ. ಒಂದು ವಾರ ಬಿಟ್ಟು ಅದೇ ಕೀಲುಗಳನ್ನು ಇನ್ನೊಮ್ಮೆ ನೋಡಿ. ಮೀನಿನ ಗಾಡಿಯಾದರೆ ಪ್ರತಿ ಬಾಡಿಗೆ ಮುಗಿದ ಮೇಲೆ ಅಡಿಭಾಗಕ್ಕೆ, ಮುಖ್ಯವಾಗಿ ಆ ಕ್ಲಿಪ್ಪುಗಳ ಮೇಲೆ, ಒಂದು ಬಕೆಟ್ ಸಿಹಿನೀರು ಹೊಯ್ಯಿರಿ.